ಅಪ್‌ಡೇಟ್: ಊರು ಬದಲಿಸುವ ಮುನ್ನವೇ ಗೃಹಸಾಲ ಸಿಕ್ಕಿತು

ಹೊಸ ಊರಿನ ಕೆಲಸಕ್ಕೆ ಸೇರುವ ಮೊದಲೇ ಅಲ್ಲಿ ಮನೆ ಕೊಳ್ಳಲು ಸಾಲ ಸಿಗುತ್ತದೆಯೇ ಎಂದು ಈ ಹಿಂದೆ ಇಲ್ಲಿ ಕೇಳಿದ್ದೆ. ಸಿಕ್ಕಿತು!

ಮೊದಲ ಬ್ಯಾಂಕ್ ಹೊಸ ಕೆಲಸದ ವೇತನ ಚೀಟಿಗಳಿಲ್ಲದೆ ಅರ್ಜಿಯನ್ನೇ ಮುಟ್ಟಲಿಲ್ಲ. ಎರಡನೆಯದು ಸಹಿಯಾದ ನೇಮಕಾತಿ ಪತ್ರವನ್ನು ಒಪ್ಪಿತು. ಆದರೆ ಅದರಲ್ಲಿ ಸಂಬಳ, ಸೇರುವ ದಿನಾಂಕ, ಕೆಲಸ ಕಾಯಂ ಎಂಬುದು ಸ್ಪಷ್ಟವಾಗಿರಬೇಕಿತ್ತು. ಪ್ರೊಬೇಷನ್ (ಕೆಲಸ ಕಾಯಂ ಆಗುವ ಮುನ್ನದ ಪರೀಕ್ಷಾ ಅವಧಿ) ಬಗ್ಗೆ ಇದ್ದ ಒಂದು ಸಾಲು ಗೊಂದಲ ಹುಟ್ಟಿಸಿತು. ಅದಕ್ಕಾಗಿ ಕಂಪನಿಯಿಂದ ಇನ್ನೊಂದು ಪತ್ರ ಬರೆಸಿಕೊಂಡೆ. ಸಾಲ ಮಂಜೂರಾದ ಮೇಲೂ, ಹಣ ಬಿಡುಗಡೆಗೆ ಮುನ್ನ ಕಂಪನಿಗೆ ಕರೆ ಮಾಡಿ ಮತ್ತೆ ಖಚಿತಪಡಿಸಿಕೊಂಡರು. ಅದು ಮುಗಿಯುವವರೆಗೆ ಎರಡು ರಾತ್ರಿ ನಿದ್ದೆಯೇ ಹತ್ತಲಿಲ್ಲ.

ಹಳೆಯ ಕೆಲಸದ ರಾಜೀನಾಮೆಯ ವಿಷಯವನ್ನು ಬ್ಯಾಂಕಿನಿಂದ ಮುಚ್ಚಿಡಬೇಡಿ ಎಂದು ಎಚ್ಚರಿಸಿದವರಿಗೆ ನಾನು ಋಣಿ. ಮುಚ್ಚಿಟ್ಟಿದ್ದರೆ ಆ ಕರೆಯಲ್ಲೇ ಎಲ್ಲವೂ ಮುರಿದುಬೀಳುತ್ತಿತ್ತು. ಮುಂದಿನ ವಾರ ಕೀಲಿಕೈ ಕೈಸೇರುತ್ತದೆ.