ಬಿಳಿ ರಕ್ತಕಣ: ‘ಕಣ’ ಎನ್ನಬೇಕೇ, ‘ಕೋಶ’ ಎನ್ನಬೇಕೇ?

ಪ್ರೌಢಶಾಲೆಯ ಮಕ್ಕಳಿಗಾಗಿ ರಕ್ತದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಕೆಲವು ಪದಗಳಲ್ಲಿ ಬಲ್ಲವರ ಸಲಹೆ ಬೇಕು.

ಬಿಳಿ ರಕ್ತಕಣ, ಶ್ವೇತ ರಕ್ತಕಣ, ಬಿಳಿ ರಕ್ತಕೋಶ, ಮೂರೂ ಬಳಕೆಯಲ್ಲಿವೆ. ‘ಕಣ’ ಎಂದಾಗ ನಮಗೆ ಧೂಳು, ಮರಳು ನೆನಪಾಗುತ್ತವೆ. ತಳ್ಳಿದತ್ತ ಹೋಗುವ ಚೂರು ಎಂಬ ಭಾವ ಬರುತ್ತದೆ. ಕೆಂಪು ರಕ್ತಕಣಕ್ಕೆ ಆ ಹೆಸರು ಸಲ್ಲುತ್ತದೆ, ಏಕೆಂದರೆ ಬಲಿತ ಮೇಲೆ ಅದರಲ್ಲಿ ಕೋಶಕೇಂದ್ರವೇ ಇರುವುದಿಲ್ಲ, ರಕ್ತ ಹರಿದತ್ತ ಸಾಗುತ್ತದೆ. ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಅಂತೂ ದೊಡ್ಡ ಕೋಶವೊಂದರಿಂದ ಕಳಚಿಕೊಂಡ ತುಣುಕು. ಬಿಳಿಯದು ಹಾಗಲ್ಲ. ಅದು ಕೋಶಕೇಂದ್ರವಿರುವ ಪೂರ್ಣ ಜೀವಕೋಶ. ರಾಸಾಯನಿಕ ಸುಳಿವು ಸಿಕ್ಕ ಕಡೆಗೆ ತಾನಾಗಿಯೇ ಚಲಿಸಬಲ್ಲದು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಕೆಂಪು ಕಣಗಳು ಸುಮಾರು 50 ಲಕ್ಷ, ಬಿಳಿಯವು 4,000ದಿಂದ 11,000 ಮಾತ್ರ. ಆದ್ದರಿಂದ ‘ಬಿಳಿ ರಕ್ತಕೋಶ’ ಎಂದೇ ಬರೆಯಲು ನನಗೆ ಮನಸ್ಸು. ಪಠ್ಯಪುಸ್ತಕದ ರೂಢಿಗೆ ಇದು ವಿರುದ್ಧವಾಗಿ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆಯೇ?

ಇನ್ನೊಂದು ಕ್ರಿಯಾಪದದ ಪ್ರಶ್ನೆ. ‘ಬಿಳಿ ರಕ್ತಕಣಗಳು ದೇಹದ ಸೈನಿಕರು, ರೋಗಾಣುಗಳ ವಿರುದ್ಧ ಹೋರಾಡುತ್ತವೆ’ ಎಂದು ಎಲ್ಲೆಡೆ ಓದುತ್ತೇವೆ. ಇದನ್ನು ಓದಿದ ಮಗುವಿಗೆ ನಿಜವಾಗಿ ನಡೆಯುವುದೇನು ಎಂಬುದು ಕಾಣುವುದೇ ಇಲ್ಲ. ಬೆರಳಿಗೆ ಮುಳ್ಳು ಚುಚ್ಚಿ ಬ್ಯಾಕ್ಟೀರಿಯಾ ಒಳಸೇರಿದವು ಎನ್ನೋಣ. ಸುತ್ತಲಿನ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ಅವುಗಳಿಂದ ದ್ರವ ಜಿನುಗುತ್ತದೆ. ಬೆರಳು ಕೆಂಪಾಗಿ, ಬಿಸಿಯಾಗಿ ಬಾತುಕೊಳ್ಳುತ್ತದೆ. ಉರಿಯೂತ ಎಂಬ ಪದ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ! ಬಿಳಿಯವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿರುವ ನ್ಯೂಟ್ರೋಫಿಲ್‌ಗಳು ಅಲ್ಲಿ ನಾಳದ ಒಳಗೋಡೆಗೆ ತಗುಲಿ, ಉರುಳುತ್ತಾ ವೇಗ ತಗ್ಗಿಸಿ, ಅಂಟಿಕೊಳ್ಳುತ್ತವೆ. ಗೋಡೆಯ ಕೋಶಗಳ ನಡುವಿನ ಸಂದಿಯಲ್ಲಿ ಮೈಯನ್ನು ಸಪೂರ ಮಾಡಿಕೊಂಡು ಹೊರಗೆ ನುಸುಳುತ್ತವೆ. ಬ್ಯಾಕ್ಟೀರಿಯಾ ಸಿಕ್ಕಿದೊಡನೆ ಪೊರೆಯನ್ನು ಚಾಚಿ ಅದನ್ನು ಸುತ್ತುವರಿದು, ನುಂಗಿ, ಕಿಣ್ವಗಳಿಂದ ಅರಗಿಸುತ್ತವೆ. ಆಮೇಲೆ ತಾವೂ ಸಾಯುತ್ತವೆ. ಕೀವಿನ ಬಹುಪಾಲು ಇವೇ. ತಗುಲು, ಉರುಳು, ಅಂಟು, ನುಸುಳು, ನುಂಗು, ಅರಗಿಸು. ಇಷ್ಟು ಸ್ಪಷ್ಟವಾದ ಮಾತುಗಳು ಕೈಯಲ್ಲಿರುವಾಗ ‘ಹೋರಾಡು’ ಏಕೆ?

1882ರಲ್ಲಿ ಜೀವವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕ ಲಾರ್ವಾಗೆ ಗುಲಾಬಿಯ ಮುಳ್ಳು ಚುಚ್ಚಿ ನೋಡಿದಾಗ, ಅಲೆದಾಡುವ ಕೋಶಗಳು ಮುಳ್ಳಿನ ಸುತ್ತ ಮುತ್ತಿಕೊಂಡಿದ್ದವು. ಅಂಥ ಕೋಶಗಳಿಗೆ ಆಯ್ದ ಹೆಸರಿನಲ್ಲಿರುವುದು ‘ತಿನ್ನು’ ಎಂಬ ಅರ್ಥದ ಗ್ರೀಕ್ ಧಾತು: ಫ್ಯಾಗೊಸೈಟ್. ಕನ್ನಡದಲ್ಲಿ ‘ಭಕ್ಷಕಕೋಶ’ ಇದೆ. ‘ನುಂಗುಕೋಶ’ ಎಂದರೆ ಕಿವಿಗೆ ಒಪ್ಪುತ್ತದೆಯೇ?

ಆದರೆ ಎಲ್ಲ ಬಿಳಿ ಕೋಶಗಳ ಮುಖ್ಯ ಕೆಲಸವೂ ನುಂಗುವುದಲ್ಲ. ಮಾರಕ ಟಿ ಕೋಶವು ವೈರಸ್ ಹೊಕ್ಕ ನಮ್ಮದೇ ಕೋಶವನ್ನು ಸಾಯಿಸುತ್ತದೆ. ಅಲ್ಲಿ ‘ಕೊಲ್ಲು’ ಎಂಬುದೇ ಸರಿ. ಬಿ ಕೋಶಗಳು ಬಲಿತು ಪ್ರತಿಕಾಯಗಳೆಂಬ ಪ್ರೋಟೀನ್‌ಗಳನ್ನು ಸ್ರವಿಸುತ್ತವೆ. ನಾನು ತೊಡಕಿಗೆ ಸಿಕ್ಕಿರುವುದು ಇಲ್ಲೇ. ಇಂಗ್ಲಿಷಿನ ವೈ ಅಕ್ಷರದ ಆಕಾರದ ಪ್ರತಿಕಾಯ ತನ್ನ ಎರಡು ತೋಳುಗಳಿಂದ ರೋಗಾಣುವಿಗೆ ಅಂಟಿಕೊಳ್ಳುತ್ತದೆ. ನುಂಗುವ ಕೋಶ ಅದರ ಕಾಂಡವನ್ನು ಹಿಡಿದು ರೋಗಾಣುವನ್ನು ಒಳಗೆಳೆಯುತ್ತದೆ. ಪ್ರತಿಕಾಯದ ಈ ಕೆಲಸಕ್ಕೆ ಸದ್ಯ ‘ಗುರುತು ಹಚ್ಚು’ ಎಂದು ಬರೆದಿದ್ದೇನೆ. ಪ್ರತಿಕಾಯ ಬರಿಯ ಗುರುತಲ್ಲ, ಹಿಡಿಯೂ ಹೌದು. ಎರಡೂ ಅರ್ಥ ಒಟ್ಟಿಗೆ ಬರುವ ಪದ ಹೊಳೆದರೆ ದಯವಿಟ್ಟು ತಿಳಿಸಿ.