‘ಮಿಸ್’ ಕ್ರಿಯಾಪದಕ್ಕೆ ಫ್ರೆಂಚಿನಲ್ಲಿ ಏನು? ಜೊತೆಗೆ ನಮ್ಮ ‘ತಪ್ಪು’ವಿನ ಬಗ್ಗೆ ಒಂದು ಪ್ರಶ್ನೆ

ಅಕ್ಕನ ಮಗಳು ಪಿಯುಸಿಯಲ್ಲಿ ಫ್ರೆಂಚ್ ತೆಗೆದುಕೊಂಡಿದ್ದಾಳೆ. ಫ್ರಾನ್ಸಿನ ಲಿಯೋನ್ ಊರಿನ ಗೆಳತಿಗೆ ಬರೆದ ಕಾಗದವನ್ನು ಮೊನ್ನೆ ತೋರಿಸಿದಳು. ಕೊನೆಯ ಸಾಲು ‘ಜ ತ ಮಾಂಕ್’. “ಐ ಮಿಸ್ ಯೂ ಅಂತ ಬರ್ದಿದೀನಿ ಮಾಮಾ” ಅಂದಳು. ಆದರೆ ಅರ್ಥ ತಿರುವುಮುರುವಾಗಿ, ‘ನಾನಿಲ್ಲದೆ ನಿನಗೆ ಬೇಜಾರಾಗ್ತಿದೆ’ ಎಂದಾಗಿತ್ತು. ಬರೆಯಬೇಕಿದ್ದದ್ದು ‘ತ್ಯು ಮ ಮಾಂಕ್’.

‘ಮಾಂಕೆ’ ಎಂದರೆ ಕೊರತೆಯಾಗು. ಯಾರು ಇಲ್ಲವೋ ಅವರೇ ಕರ್ತೃ, ಕೊರಗುವವರಿಗೆ ಚತುರ್ಥಿ. “ಹಾಸ್ಟೆಲಿಂದ ಅಮ್ಮನಿಗೆ ಫೋನ್ ಮಾಡಿ ‘ನನಗೆ ನಿನ್ನ ನೆನಪಾಗ್ತಿದೆ’ ಅಂತೀಯಲ್ಲ, ಆ ‘ನನಗೆ’ಯೇ ಈ ‘ಮ’” ಎಂದೆ. ತಕ್ಷಣ ಹಿಡಿದುಕೊಂಡಳು. ‘ನನಗೆ ಹತ್ತು ಯೂರೋ ಕಮ್ಮಿ ಬಿದ್ದಿದೆ’ ಎನ್ನಲೂ ‘ಇಲ್ ಮ ಮಾಂಕ್’ ಎಂದೇ ಶುರು ಮಾಡುತ್ತಾರೆ. ಇಂಗ್ಲಿಷನ್ನು ನಡುವೆ ತಂದುಕೊಂಡಿದ್ದರಿಂದಲೇ ಅವಳಿಗೆ ಕಷ್ಟವಾದದ್ದು.

ಆಮೇಲೆ ಕೂತು ನೋಡಿದರೆ, ‘ಮಾಂಕೆ’ಯ ಉಳಿದ ಬಳಕೆಗಳು ನಮ್ಮ ‘ತಪ್ಪು’ ಧಾತುವಿನ ಹೆಜ್ಜೆಯಲ್ಲೇ ನಡೆಯುತ್ತವೆ. ‘ಮಾಂಕೆ ಅ ಸಾ ಪಾರೋಲ್’ ಎಂದರೆ ಮಾತಿಗೆ ತಪ್ಪುವುದು. ಅಲ್ಲಿನ ‘ಅ’ ನಮ್ಮ ‘-ಗೆ’ ಪ್ರತ್ಯಯದ ಜಾಗದಲ್ಲೇ ಕೂತಿದೆ. ‘ನ ಮಾಂಕ್ ಪಾ ದ ವನೀರ್’ ಎಂದರೆ ‘ತಪ್ಪದೆ ಬಾ’. ‘ಜೆ ಮಾಂಕೆ ದ ತೋಂಬೆ’ ಎಂದರೆ ‘ಸ್ವಲ್ಪದರಲ್ಲಿ ಬೀಳೋದು ತಪ್ಪಿತು’, ಆದರೆ ಮಾತಿನಲ್ಲಿ ‘ಜೆ ಫಾಯಿ ತೋಂಬೆ’ಯೇ ಹೆಚ್ಚು. ಗುರಿ ತಪ್ಪುವುದಕ್ಕೂ ಇದೇ ‘ಮಾಂಕೆ’. ಲ್ಯಾಟಿನ್ನಿನಲ್ಲಿ ಊನವಾದದ್ದು ಎಂಬರ್ಥದ ‘ಮಾಂಕುಸ್’ ಇಟಾಲಿಯನ್ ಮೂಲಕ ಫ್ರೆಂಚಿಗೆ ಬಂದದ್ದು. ನಮ್ಮದು ಅಚ್ಚ ದ್ರಾವಿಡ ಮಾತು. ನಂಟಿಲ್ಲದ ಎರಡು ಪದಗಳು ಇಷ್ಟು ದೂರ ಜೊತೆಯಾಗಿ ಬರುವುದನ್ನು ಕಂಡು ನನಗೆ ತುಂಬಾ ಖುಷಿಯಾಯಿತು.

ಬಸ್ಸಿನ ವಿಷಯಕ್ಕೆ ಬಂದರೆ ಈ ಜೊತೆ ಮುರಿಯುತ್ತದೆ. ನಾವು ‘ನನಗೆ ಬಸ್ಸು ತಪ್ಪಿಹೋಯ್ತು’ ಎನ್ನುತ್ತೇವೆ, ಬಸ್ಸೇ ಕರ್ತೃ. ಫ್ರೆಂಚರಲ್ಲಿ ‘ಜೆ ರಾತೆ ಲ ಬ್ಯುಸ್’, ಅಂದರೆ ತಪ್ಪಿಸಿಕೊಂಡವನು ‘ನಾನು’. ಇಲ್ಲಿ ‘ಮಾಂಕೆ’ ಬಳಸಿ ‘ನನಗೆ’ ಎಂದು ಚತುರ್ಥಿ ಹಾಕಿದರೆ ಬಸ್ಸನ್ನು ನೆನೆದು ಕೊರಗಿದಂತಾಗುತ್ತದೆ! ಈ ‘ರಾತೆ’ ಇಲಿಯ ಹೆಸರಾದ ‘ರಾ’ದಿಂದ ಹುಟ್ಟಿದ್ದು. ಹಿಂದೆ ಬಂದೂಕು ಹಾರದೆ ಹೋದರೆ ‘ಇಲಿ ಹಿಡಿಯಿತು’ ಎನ್ನುತ್ತಿದ್ದರಂತೆ. ಮಾತಿನ ತಿರುಳನ್ನು ಮಿಸ್ ಮಾಡಿಕೊಂಡರೆ ‘ಪಾಸೆ ಅ ಕೋತೆ’, ಪಕ್ಕದಲ್ಲೇ ಹಾದುಹೋಗುವುದು. ಕಾಣೆಯಾದವರು ‘ದಿಸ್ಪಾರ್ಯು’. ಮಿಸ್ಡ್ ಕಾಲ್ ಮಾತ್ರ ನೇರವಾಗಿ ‘ಆಪೆಲ್ ಮಾಂಕೆ’.

ಈಗ ನನ್ನ ಪ್ರಶ್ನೆ. ಇಷ್ಟೆಲ್ಲ ಅರ್ಥ ಹೊರುವ ‘ತಪ್ಪು’, ಅಗಲಿಕೆಯ ಅರ್ಥಕ್ಕೆ ಮಾತ್ರ ಯಾಕೆ ಒದಗುವುದಿಲ್ಲ? ‘ನೆನಪಾಗುತ್ತೆ’ ಅಂದರೆ ನೆನಪು ಮಾತ್ರ ಬಂತು, ಆ ಖಾಲಿತನ ಬರಲಿಲ್ಲ. ‘ಮಿಸ್ ಮಾಡ್ಕೋತಿದೀನಿ’ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ನಮ್ಮಜ್ಜಿ ಮೊಮ್ಮಕ್ಕಳು ರಜೆ ಮುಗಿಸಿ ಹೊರಟ ಸಂಜೆ ಜಗಲಿಯಲ್ಲಿ ಕೂತು ‘ಮನೆ ಬಿಕೋ ಅಂತಿದೆ’ ಅನ್ನುತ್ತಿದ್ದರು. ‘ತ್ಯು ಮ ಮಾಂಕ್’ಗೆ ನನಗೆ ಗೊತ್ತಿರುವ ಅತಿ ಹತ್ತಿರದ ಕನ್ನಡ ಅದು, ಆದರೆ ಅದರಲ್ಲಿ ‘ನೀನು’ ಇಲ್ಲ. ನಿಮ್ಮ ಕಡೆ, ಧಾರವಾಡದಲ್ಲೋ ಕುಂದಾಪುರದಲ್ಲೋ ಕಲಬುರಗಿಯಲ್ಲೋ, ಒಬ್ಬ ವ್ಯಕ್ತಿಯನ್ನೇ ಕುರಿತು ಹೀಗೆ ಹೇಳುವ ಕ್ರಿಯಾಪದ ಇದೆಯೇ? ವಾಕ್ಯದ ಸಮೇತ ಬರೆದು ತಿಳಿಸಿ.