ವಿಪಿಎನ್ ಜೋಡಿಸಿದ ಮೇಲೂ ಕಚೇರಿಯ ಹೆಸರುಗಳು ತೆರೆಯುತ್ತಿಲ್ಲ: ಡಿಎನ್‌ಎಸ್ ಸೆಟ್ಟಿಂಗ್ ಎಲ್ಲಿ ಬದಲಿಸಬೇಕು?

ಪ್ರಶ್ನೆ:
ಲಿನಕ್ಸ್‌ನಲ್ಲಿ ನೆಟ್‌ವರ್ಕ್‌ಮ್ಯಾನೇಜರ್ (ಜಾಲ ಸಂಪರ್ಕಗಳನ್ನು ನಿರ್ವಹಿಸುವ ತಂತ್ರಾಂಶ) ಮೂಲಕ ಓಪನ್‌ವಿಪಿಎನ್ (ಹೊರಗಿನಿಂದ ಕಚೇರಿಯ ಒಳಜಾಲಕ್ಕೆ ಸುರಕ್ಷಿತವಾಗಿ ಸೇರಿಸುವ ವಿಪಿಎನ್) ಸಂಪರ್ಕ ಸರಿಯಾಗಿಯೇ ಏರ್ಪಡುತ್ತದೆ. ಆದರೆ ಕಚೇರಿಯ ಒಳಜಾಲದ ತಾಣಗಳು ಐಪಿ ವಿಳಾಸ ಕೊಟ್ಟರೆ ಮಾತ್ರ ತೆರೆಯುತ್ತವೆ, ಹೆಸರು ಕೊಟ್ಟರೆ ತೆರೆಯುವುದಿಲ್ಲ. ಹೆಸರಿಗೆ ತಕ್ಕ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರ್ವರ್ ಯಾವುದೆಂದು ತಿಳಿಸುವ ರಿಸಾಲ್ವ್.ಕಾನ್ಫ್ (resolv.conf) ಕಡತದಲ್ಲಿ ಯಾವಾಗಲೂ 127.0.0.53 ಎಂದೇ ಇರುತ್ತದೆ. ಅದನ್ನು ನಾನೇ ತಿದ್ದಬಹುದೇ?

ಉತ್ತರ 1:
ದಯವಿಟ್ಟು ತಿದ್ದಬೇಡಿ. ಆ ವಿಳಾಸ ಸಿಸ್ಟಮ್‌ಡಿ-ರಿಸಾಲ್ವ್‌ಡ್ ಸೇವೆಯದು. ಪ್ರತಿಯೊಂದು ಸಂಪರ್ಕದ ಡಿಎನ್‌ಎಸ್ ಸರ್ವರ್‌ಗಳನ್ನೂ ಪ್ರತ್ಯೇಕವಾಗಿ ಇಟ್ಟುಕೊಂಡು, ಕೇಳಿದ ಹೆಸರಿನ ಡೊಮೇನ್‌ಗೆ (ಹೆಸರಿನ ಕೊನೆಯ ಭಾಗಕ್ಕೆ) ತಕ್ಕ ಸಂಪರ್ಕದ ಕಡೆಗೆ ಕೋರಿಕೆಯನ್ನು ಕಳುಹಿಸುವುದು ಅದರ ಕೆಲಸ. ಟರ್ಮಿನಲ್‌ನಲ್ಲಿ 'ರಿಸಾಲ್ವ್‌ಸಿಟಿಎಲ್ ಸ್ಟೇಟಸ್' (resolvectl status) ಎಂಬ ಆದೇಶ ಕೊಟ್ಟು, 'ಟನ್0' (tun0, ಅಂದರೆ ವಿಪಿಎನ್ ಸಂಪರ್ಕ) ಎಂಬುದರ ಕೆಳಗೆ ಕಚೇರಿಯ ಸರ್ವರ್ ಮತ್ತು ಡೊಮೇನ್ ಎರಡೂ ಕಾಣುತ್ತವೆಯೇ ನೋಡಿ.

ಪ್ರಶ್ನೆ ಕೇಳಿದವರು:
ಸರ್ವರ್ ಕಾಣುತ್ತದೆ, ಡೊಮೇನ್ ಸಾಲು ಮಾತ್ರ ಇಲ್ಲ.

ಉತ್ತರ 2:
ಹಾಗಿದ್ದರೆ ತೊಡಕು ಅಲ್ಲಿಯೇ ಇರುವ ಸಾಧ್ಯತೆ ಹೆಚ್ಚು. ನೆಟ್‌ವರ್ಕ್‌ಮ್ಯಾನೇಜರ್‌ನಲ್ಲಿ ವಿಪಿಎನ್ ಸಂಪರ್ಕದ 'ಐಪಿವಿ4.ಡಿಎನ್‌ಎಸ್-ಸರ್ಚ್' (ipv4.dns-search) ಎಂಬಲ್ಲಿ ಕಚೇರಿಯ ಡೊಮೇನ್ ಬರೆದು, ಸಂಪರ್ಕವನ್ನು ಕಡಿದು ಮತ್ತೆ ಜೋಡಿಸಿ. ಎಲ್ಲ ಕೋರಿಕೆಗಳೂ ವಿಪಿಎನ್ ಮೂಲಕವೇ ಹೋಗಬೇಕೆಂದಿದ್ದರೆ ಅಲ್ಲಿ '~.' (ಎಲ್ಲ ಡೊಮೇನ್‌ಗಳೂ ಎಂದರ್ಥ) ಎಂದು ಬರೆದು, 'ಐಪಿವಿ4.ಡಿಎನ್‌ಎಸ್-ಪ್ರಯಾರಿಟಿ'ಗೆ (ipv4.dns-priority) -50ರಂತಹ ಋಣ ಸಂಖ್ಯೆ ಕೊಡಿ; ಆಗ ಉಳಿದ ಸಂಪರ್ಕಗಳ ಡಿಎನ್‌ಎಸ್ ಸರ್ವರ್‌ಗಳು ಬದಿಗೆ ಸರಿಯುತ್ತವೆ. ಕಚೇರಿ ಕೆಲಸಕ್ಕಷ್ಟೇ ಆದರೆ ಮೊದಲನೆಯ ವಿಧಾನವೇ ಮೇಲು ಎಂಬುದು ನನ್ನ ಅಭಿಪ್ರಾಯ.

ಉತ್ತರ 3:
ಬ್ರೌಸರ್‌ನಲ್ಲಿ ಎಚ್‌ಟಿಟಿಪಿಎಸ್ ಮೂಲಕ ಡಿಎನ್‌ಎಸ್ ಕೇಳುವ ಸೌಲಭ್ಯ ಚಾಲೂ ಇದ್ದರೆ ಅದು ಈ ಸೆಟ್ಟಿಂಗ್‌ಗಳನ್ನು ದಾಟಿ ಹೋಗಬಹುದು, ಅದನ್ನೂ ಪರಿಶೀಲಿಸಿ.